ಮೊದಲ ರೈಫಲ್

ಕೋವಿಯೆಂಬ ಮಾತು ಕಿವಿಗೆ ಬಿದ್ದೊಡನೆ ತರುಣರ ಕಣ್ಣ ಮುಂದೆ ಹುಲಿಯೊಂದು ಬಂದು ನಿಲ್ಲುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ಓದಿದವನಿಗೆ, ಕೊಂಡರೆ ಅವರ ಕೈಯಲ್ಲಿದ್ದಂಥ .405 ವಿಂಚೆಸ್ಟರ್ ರೈಫಲನ್ನೇ ಕೊಳ್ಳಬೇಕೆನ್ನಿಸುವುದು ಸಹಜ. ಆದರೆ ಮೊದಲ ರೈಫಲನ್ನು ಆರಿಸುವವನು ಹುಲಿಯನ್ನು ಮರೆತು ತನ್ನ ಹೆಗಲನ್ನು ನೆನೆಯುವುದು ಮೇಲು.

ಮಲೆನಾಡಿನ ಮನೆಗಳ ಕೇಪಿನ ಕೋವಿಗೂ ರೈಫಲಿಗೂ ಇರುವ ಅಂತರ ನಳಿಗೆಯ ಒಳಗಿದೆ. ಕೇಪಿನ ಕೋವಿಯ ಒಳಮೈ ನುಣುಪು. ರೈಫಲಿನದರಲ್ಲಿ ಸುರುಳಿ ಸುತ್ತಿದ ಗೀರುಗಳುಂಟು. ಅವು ಗುಂಡನ್ನು ತಿರುಗಿಸುತ್ತ ಹೊರಗೆ ಕಳಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ತಿರುಗುವ ಗುಂಡು ಮಗುಚದೆ ಸಾಗುತ್ತದೆ. ಇಷ್ಟು ನಿಖರವಾದ ಯಂತ್ರದಿಂದಲೂ ಗುರಿ ತಪ್ಪಿದರೆ, ತಪ್ಪು ಬಹುಮಟ್ಟಿಗೆ ಹಿಡಿದವನದೇ.

ಆ ತಪ್ಪಿನ ಮೂಲ ಭಯ. ದೊಡ್ಡ ರೈಫಲ್ ಹೆಗಲಿಗೆ ಒದೆಯುತ್ತದೆ, ಕಿವಿಯ ಬಳಿ ಸಿಡಿಯುತ್ತದೆ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ದೇಹ ಅದನ್ನು ಕಲಿತುಬಿಡುತ್ತದೆ. ಐದನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಕೊಸರುತ್ತದೆ. ಒಮ್ಮೆ ಹತ್ತಿದ ಈ ಬೆದರನ್ನು ಬಿಡಿಸುವುದು ಕಷ್ಟ. ಆದಕಾರಣ ಬಲ್ಲವರು ಮೊದಲಿಗೆ ಹೇಳುವುದು ಪಾಯಿಂಟ್ ಟೂ ಟೂ ಎಂದು ಕರೆಯುವ .22 ರೈಫಲನ್ನು. 1887ರಿಂದ ಬಳಕೆಯಲ್ಲಿರುವ ಅದರ ‘ಲಾಂಗ್ ರೈಫಲ್’ ತೋಟಾದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ, ಆಂಡರ್ಸನ್ನರ.405ರ ಗುಂಡು 19 ಗ್ರಾಂಗೂ ಮಿಕ್ಕದ್ದು. .22ರ ಒದೆತ ಇಲ್ಲವೆನ್ನುವಷ್ಟು ಅಲ್ಪ. ದಿನಕ್ಕೆ ನೂರು ಸಲ ಹಾರಿಸಿದರೂ ಹೆಗಲು ನೋಯದು. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯೂ ಈ ತೋಟಾದಿಂದಲೇ ನಡೆಯುವುದರಿಂದ ಇದನ್ನು ಮಕ್ಕಳಾಟವೆನ್ನುವಂತಿಲ್ಲ.

ಅಂಗಿಯಂತೆ ರೈಫಲೂ ಮೈಗೊಪ್ಪಬೇಕು. ಬಟ್ಟನ್ನು ಮೊಣಕೈಯ ಒಳಮಡಿಕೆಗೆ ಆನಿಸಿದಾಗ ತೋರುಬೆರಳಿನ ತುದಿಯ ಗೆಣ್ಣು ಟ್ರಿಗರಿಗೆ ಎಟುಕಿದರೆ ಉದ್ದ ಸರಿಯೆನ್ನಬಹುದು. ಇನ್ನು ಕಣ್ಣಿನ ವಿಚಾರ. ದೂರದ ವಸ್ತುವೊಂದಕ್ಕೆ ಎರಡೂ ಕಣ್ಣು ತೆರೆದು ಬೆರಳಿಡಿ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ. ಯಾವ ಕಣ್ಣಿಗೆ ಬೆರಳು ಕದಲದೆ ಕಾಣುವುದೋ ಅದೇ ನಿಮ್ಮ ಯಜಮಾನ ಕಣ್ಣು. ಬಲಗೈಯವರಿಗೂ ಅದು ಎಡಗಣ್ಣಾಗಿರಬಹುದು. ಅರ್ಜುನನೇನೋ ಸವ್ಯಸಾಚಿ, ನಾವು ನೋಡಿಯೇ ಕೊಳ್ಳಬೇಕು. ಸಲಕ್ಕೊಂದೇ ತೋಟಾ ತುಂಬುವ ಬೋಲ್ಟ್ ರೈಫಲ್ ಕಲಿಯುವವನಿಗೆ ಲೇಸು. ಎರಡನೆಯದು ಸಿದ್ಧವಿಲ್ಲವೆಂದಾಗ ಮೊದಲನೆಯದರ ಮೇಲೆ ಮನಸ್ಸು ನಿಲ್ಲುತ್ತದೆ.

ನಮ್ಮಲ್ಲಿ .22ಕ್ಕೂ ಪರವಾನಗಿ ಬೇಕು, ಅದಕ್ಕೆ 21 ವರ್ಷ ತುಂಬಿರಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೋಜಿನ ಬೇಟೆಗಂತೂ ಅವಕಾಶವೇ ಇಲ್ಲ. ಹಾಗೆಂದು ವಿದ್ಯೆ ಬಾಡಬೇಕಾಗಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಸುತ್ತಾರೆ. 4.5 ಮಿ.ಮೀ. ನಳಿಗೆಯ ಏರ್ ರೈಫಲ್ ಇನ್ನೂ ಸುಲಭ. ಅದರ ಶಕ್ತಿ 20 ಜೂಲ್ ಮೀರದಿದ್ದರೆ ಪರವಾನಗಿ ಬೇಡ. ಸುಲಭವೆಂದದ್ದು ಕೊಳ್ಳುವುದಕ್ಕೆ ಮಾತ್ರ. 10 ಮೀಟರ್ ದೂರದ ಅದರ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರು, ಸಾಸಿವೆ ಕಾಳಿಗಿಂತ ಸಣ್ಣದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ.

ಬೇಟೆಗೆ ಅನುಮತಿಯುಳ್ಳ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಮಾತು: .22 ಮೊಲಕ್ಕೆ ಸಾಕು, ಜಿಂಕೆಗೆ ಸಲ್ಲದು. ಗಾಯಗೊಂಡು ಓಡಿದ ಜಿಂಕೆ ಕಾಣದ ಪೊದೆಯಲ್ಲಿ ನರಳಿ ಸಾಯುತ್ತದೆ. ಚಿಕ್ಕದರಲ್ಲಿ ಕೈ ಪಳಗಿದ ಮೇಲೆಯೇ ದೊಡ್ಡದಕ್ಕೆ ಹೋಗಬೇಕು.

ನಮ್ಮ ಪುರಾಣಗಳಲ್ಲಿ ಬಿಲ್ಗಾರರಿಗೆ ಬರವಿಲ್ಲ. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದ ದಶರಥ ಮುನಿಕುಮಾರನನ್ನು ಕೊಂದ. ಜಿಂಕೆಯೆಂದು ಪಾಂಡು ಎಸೆದ ಬಾಣ ಕಿಂದಮ ಋಷಿಗೆ ತಗುಲಿತು. ಇಬ್ಬರೂ ಗುರಿಕಾರರೇ, ಗುರಿ ತಪ್ಪಲಿಲ್ಲವೆಂಬುದೇ ಅವರ ದುರಂತ. ಪುಟ್ಟದೆಂದು ನಾವು ಹೊಗಳಿದ .22ರ ಗುಂಡೂ ಒಂದು ಮೈಲಿಗೆ ಮೀರಿ ಹಾರಬಲ್ಲುದು. ಎದುರಿಗಿರುವುದೇನು, ಅದರ ಹಿಂದಿರುವುದೇನು ಎಂಬುದನ್ನು ಕಣ್ಣು ಕಂಡು ಹೇಳುವ ತನಕ ಬೆರಳು ಟ್ರಿಗರಿನ ಹೊರಗಿರಲಿ. ಮೊದಲ ರೈಫಲ್ ಕಲಿಸಬೇಕಾದ ಮೊದಲ ಪಾಠ ಇದು.