ಕೊಟ್ಟ ಮೇಲೂ ಬಿಡದ ದಾನ

ಸಾಹು ಶಾಂತಿಪ್ರಸಾದ ಜೈನ್ ಹಾಗೂ ರಮಾ ಜೈನ್ ದಂಪತಿ ತಮ್ಮ ಉದ್ಯಮದ ಸಂಪತ್ತಿನಿಂದ 1944ರಲ್ಲಿ ಭಾರತೀಯ ಜ್ಞಾನಪೀಠವನ್ನು ಸ್ಥಾಪಿಸಿದರು. ಮೂಡಬಿದಿರೆ ಮೊದಲಾದೆಡೆಯ ತಾಳೆಗರಿ ಗ್ರಂಥಗಳ ಸೂಚಿಯನ್ನು ಕೆ. ಭುಜಬಲಿ ಶಾಸ್ತ್ರಿಗಳ ಸಂಪಾದನೆಯಲ್ಲಿ 1948ರಲ್ಲಿ ಪ್ರಕಟಿಸಿದ್ದು ಆ ಸಂಸ್ಥೆಯೇ. ಹಣ ಕುಟುಂಬದ್ದು, ಫಲ ಲೋಕದ್ದು: ಶಾಸ್ತ್ರದಾನವೆಂದರೆ ಇದು.

ಇಂದು ನಮ್ಮ ಸಿರಿವಂತರ ಎಷ್ಟೋ ಟ್ರಸ್ಟುಗಳಲ್ಲಿ ದಾನಪತ್ರವಾದ ಮೇಲೂ ಒಡೆತನ ಮನೆಯಲ್ಲೇ ಉಳಿಯುತ್ತದೆ. ಲೆಕ್ಕ ಕೇಳಿದರೆ ‘ನಮ್ಮ ಹಣ’ ಎಂಬ ಉತ್ತರ. ಅಲ್ಲ! ಸಾಮಾನ್ಯವಾಗಿ ಆದಾಯದ ಶೇ. 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೇ ವಿನಿಯೋಗಿಸಬೇಕೆಂಬ ಕಟ್ಟಳೆಯ ಮೇಲೆ ಸರ್ಕಾರ ತೆರಿಗೆ ಬಿಟ್ಟಿದೆ. ಹಾಗೆ ಬಿಟ್ಟ ತೆರಿಗೆ ಸಮಸ್ತ ಪ್ರಜೆಗಳ ಪಾಲು.

ಲೆಕ್ಕಪರಿಶೋಧನಾ ವರದಿ ಇಲಾಖೆಗೆ ಸಲ್ಲಿಕೆಯಾದರೆ ಸಾಲದು; ವಿದ್ಯಾರ್ಥಿವೇತನ ಯಾರಿಗೆ, ಯಾವ ಮಾನದಂಡದಿಂದ ಸಂದಿತೆಂಬುದು ಸಮಾಜಕ್ಕೂ ತಿಳಿಯಲಿ. ಟ್ರಸ್ಟಿಗಳಲ್ಲಿ ಅರ್ಧದಷ್ಟಾದರೂ ಕುಟುಂಬದ ಹೊರಗಿನವರಿರಲಿ. ಕೊಟ್ಟ ಮೇಲೂ ಕೈ ಬಿಡದಿದ್ದರೆ ಅದು ದಾನವಲ್ಲ, ಪರಿಗ್ರಹವೇ.