ಗಾಯಕಿಯ ಕಾಗದಪತ್ರಗಳು

ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವಿದೆ. ಅದರ ಗ್ರಂಥಭಂಡಾರದಲ್ಲಿ ಆ ಊರಿನ ಮಗಳಾದ ಗಾಯಕಿ ಮೇರಿಯನ್ ಆಂಡರ್ಸನ್ ಅವರ ಕಾಗದಪತ್ರಗಳನ್ನು ಕಾಪಿಟ್ಟಿದ್ದಾರೆ. 1977ರಿಂದ ಮೊದಲ್ಗೊಂಡು ಅವರೇ ಅವುಗಳನ್ನು ಒಪ್ಪಿಸುತ್ತ ಬಂದರು. ಪತ್ರಗಳು, ಸ್ವರಲಿಪಿಯ ಹಾಳೆಗಳು, ಕಚೇರಿಗಳ ಕಾರ್ಯಕ್ರಮಪಟ್ಟಿಗಳು, ಸಾವಿರಾರು ಭಾವಚಿತ್ರಗಳು, ಅಭ್ಯಾಸಕಾಲದ ಧ್ವನಿಮುದ್ರಣಗಳು ಎಲ್ಲವೂ ಅಲ್ಲಿವೆ.

ಇವರನ್ನು ಒಪೆರಾ ಎಂಬ ಗೀತನಾಟಕದ ಗಾಯಕಿಯೆಂದೇ ಅನೇಕರು ಕರೆಯುವರು. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಆ ರಂಗದ ಮೇಲೆ ಅವರು ಧರಿಸಿದ ಪಾತ್ರ ಒಂದೇ ಒಂದು. 1955ರ ಜನವರಿ 7ರಂದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗಮಂದಿರದಲ್ಲಿ, ವೆರ್ಡಿ ಎಂಬ ಇಟಲಿಯ ಸಂಗೀತಗಾರನ ಕೃತಿಯೊಂದರಲ್ಲಿ ಕಣಿ ಹೇಳುವ ಹೆಂಗಸಾಗಿ ಹಾಡಿದರು. ಕಾಣಿಸಿಕೊಳ್ಳುವುದು ಒಂದೇ ದೃಶ್ಯದಲ್ಲಿ. ಆದರೂ ಅಲ್ಲಿ ಪಾತ್ರವಹಿಸಿ ಹಾಡಿದ ಮೊದಲ ಕಪ್ಪುಜನಾಂಗದ ಕಲಾವಿದೆ ಅವರೇ. ಆ ಬಾಗಿಲು ಅಷ್ಟು ತಡವಾಗಿ ತೆರೆಯಿತು.

ಹಾಗಾದರೆ ಈ ರಾಶಿ ಕಾಗದಗಳು ಎಲ್ಲಿಂದ ಬಂದವು? ಬಾಗಿಲ ಹೊರಗೆ ಕಳೆದ ವರ್ಷಗಳಿಂದ. ತಂದೆ ಬೇಗ ತೀರಿಕೊಂಡರು. ತಾಯಿ ಪರರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಚರ್ಚಿನ ಬಡ ಭಕ್ತರು ಕಾಸಿಗೆ ಕಾಸು ಕೂಡಿಸಿ ಹುಡುಗಿಯ ಸಂಗೀತಪಾಠಕ್ಕೆ ಕೊಟ್ಟರು. ಸಂಗೀತಶಾಲೆಯೊಂದು ಮೈಬಣ್ಣ ನೋಡಿಯೇ ಹಿಂದಕ್ಕೆ ಕಳುಹಿಸಿತು. ಯುರೋಪು ಮನ್ನಿಸಿದ ಮೇಲೆಯೂ, 1939ರಲ್ಲಿ, ವಾಷಿಂಗ್ಟನ್ನಿನ ಮಹಿಳಾ ಸಂಘವೊಂದು ತನ್ನ ಸಭಾಂಗಣವನ್ನು ನಿರಾಕರಿಸಿತು. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಹಾಡಿದರು. ಕೇಳಿದವರು ಸುಮಾರು 75,000 ಜನ. 1957ರಲ್ಲಿ ಏಷ್ಯಾ ಪ್ರವಾಸ ಕೈಗೊಂಡಾಗ ನಮ್ಮ ದೇಶಕ್ಕೂ ಬಂದಿದ್ದರು.

ವೃತ್ತಪತ್ರಿಕೆಗಳು ನೆನೆಯುವುದು 1939 ಮತ್ತು 1955, ಈ ಎರಡು ದಿನಗಳನ್ನು ಮಾತ್ರ. ನಡುವಣ ಸಾಧನೆಯನ್ನು ಅರಿಯಬೇಕಾದವರು ಆ ಕಾರ್ಯಕ್ರಮಪಟ್ಟಿಗಳನ್ನು ಒಂದೊಂದಾಗಿ ತಿರುವಬೇಕು. ಈಗ ಅವುಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾಗಿದೆ. ಮೊಮ್ಮಕ್ಕಳಿದ್ದ ಮನೆಯಲ್ಲಿ ಇದು ಕಷ್ಟವಲ್ಲ. ನಮಗೂ ಹಾಗೆಯೇ ತೋರಿಸಿಕೊಟ್ಟರು.

ಅವರ ಜನ್ಮವರ್ಷ 1902 ಎಂದೇ ಲೋಕ ನಂಬಿತ್ತು. 1993ರಲ್ಲಿ ಅವರು ತೀರಿಕೊಂಡ ಬಳಿಕ ಜನನದ ದಾಖಲೆಯಿಂದ ಅದು 1897 ಎಂದು ತಿಳಿದುಬಂದಿತು. ಮೆಟ್ರೊಪಾಲಿಟನ್ನಿನ ಪರದೆ ಎದ್ದ ಆ ರಾತ್ರಿ ಪ್ರೇಕ್ಷಕರು ಆಕೆಗೆ 52 ವರ್ಷವೆಂದು ತಿಳಿದಿದ್ದರು. ನಿಜಕ್ಕೂ 57 ಆಗಿತ್ತು.