ರಾತ್ರಿ ಕರೆಂಟು, ತಲೆಗೆ ಕಟ್ಟೋ ಬ್ಯಾಟರಿ

ಈ ವಾರ ನಮ್ಮ ಲೈನಿಗೆ ತ್ರೀಫೇಸ್ ರಾತ್ರಿ ಪಾಳಿ. ಹಳೇಬೀಡಿಂದ ಹುಲಿಕೆರೆ ಕಡೆಗೆ ಹನ್ನೊಂದರ ಮೇಲೆ ಬೈಕಲ್ಲಿ ಬಂದರೆ ರಸ್ತೆಯ ಎರಡೂ ಬದಿ ಹೊಲದಲ್ಲಿ ದೀಪಗಳು ಓಡಾಡ್ತಾ ಇರ್ತವೆ. ಶುಂಠಿ ಇಟ್ಟೋರು ಜೆಟ್ ಬದಲಾಯಿಸ್ತಾ ಇರ್ತಾರೆ, ತೆಂಗು ಅಡಿಕೆಯೋರು ಗೇಟ್‌ವಾಲ್ ತಿರುಗಿಸ್ತಾ ಇರ್ತಾರೆ. ಮೊದಲೆಲ್ಲ ಕೈಲಿ ಹಿಡಿಯೋ ಬ್ಯಾಟರಿ, ಇಲ್ಲಾಂದ್ರೆ ಬಾಯಲ್ಲಿ ಕಚ್ಚಿಕೊಂಡ ಮೊಬೈಲು. ಈಗ ಮುಕ್ಕಾಲು ಪಾಲು ತಲೆಗೆ ಕಟ್ಟೋ ಬ್ಯಾಟರಿಗಳೇ.

ಇದು ಒಳ್ಳೇದೇ. ಆದರೆ ನಾವು ಅದನ್ನ ಕೊಳ್ಳೋ ರೀತಿ ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಅಂಗಡಿಗೆ ಹೋಗಿ ಮೊದಲು ಕೇಳೋದೇ "ಎಷ್ಟು ದೂರ ಹೊಡೆಯುತ್ತೆ?" ಅಂತ. ಅಂಗಡಿಯೋನು ಎದುರು ಬೀದಿ ಕೊನೇ ಗೋಡೆಗೆ ಬಿಟ್ಟು ತೋರಿಸ್ತಾನೆ, ನಾವು ಖುಷಿಯಾಗಿ ದುಡ್ಡು ಕೊಟ್ಟು ಬರ್ತೀವಿ. ನಮ್ಮ ರಾತ್ರಿ ಕೆಲಸ ನಡೆಯೋದು ಹತ್ತು ಹನ್ನೆರಡು ಅಡಿ ಒಳಗೆ. ನಮ್ಮನ್ನ ಕಚ್ಚೋದು ಮೂರು ಅಡಿ ಒಳಗೆ ಇರುತ್ತೆ. ಇನ್ನೂರು ಮೀಟರ್ ಆಚೆ ಇರೋ ತೆಂಗಿನ ಸುಳಿ ನೋಡಿ ಏನು ಮಾಡೋಣ?

ದೂರದ ಲೆಕ್ಕಾನೂ ಸ್ವಲ್ಪ ತಿಳ್ಕೊಳ್ಳಿ. ಒಳ್ಳೆ ಕಂಪನಿಗಳು ಪಾಲಿಸೋ ಅಳತೆ ಪ್ರಕಾರ, ಡಬ್ಬಿ ಮೇಲೆ 100 ಮೀಟರ್ ಅಂತ ಬರೆದಿದ್ದರೆ ಅಷ್ಟು ದೂರದಲ್ಲಿ ಬೆಳಕು ಕಾಲು ಲಕ್ಸ್‌ಗೆ ಇಳಿದಿರುತ್ತೆ ಅಂತ ಅರ್ಥ. ಅಂದ್ರೆ ಹುಣ್ಣಿಮೆ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ಬದು ಯಾವುದು ಅಂತ ಗೊತ್ತಾಗುತ್ತೆ, ಬದುವಿನ ಮೇಲೆ ಮಲಗಿರೋದು ಹಗ್ಗವೋ ಹಾವೋ ಗೊತ್ತಾಗಲ್ಲ. "ಎಂಟು ಗಂಟೆ ಉರಿಯುತ್ತೆ" ಅನ್ನೋದೂ ಇದೇ ಥರ. ಶುರುವಿನ ಬೆಳಕಿನ ಹತ್ತನೇ ಒಂದು ಭಾಗಕ್ಕೆ ಇಳಿಯೋವರೆಗಿನ ಹೊತ್ತನ್ನೆಲ್ಲ ಸೇರಿಸಿ ಹೇಳ್ತಾರೆ. ಇದು ನಿಯತ್ತಿನ ಕಂಪನಿಗಳ ಮಾತು. ಅಳತೆನೇ ಇಲ್ಲದೆ ಡಬ್ಬಿ ಮೇಲೆ ಬಾಯಿಗೆ ಬಂದದ್ದು ಅಚ್ಚು ಹಾಕೋರ ಕತೆ ಬೇರೆ.

ತಲೆ ಬ್ಯಾಟರಿ ನಮಗೆ ಯಾಕೆ ಬೇಕು ಅಂದ್ರೆ ಎರಡೂ ಕೈ ಬಿಡುವಾಗುತ್ತೆ ಅಂತ. ಜೆಟ್ ಪೈಪ್ ಹೆಗಲ ಮೇಲೆ ಹೊತ್ತು ಕೆಸರಲ್ಲಿ ನಡೆಯೋನಿಗೆ ಮೂರನೇ ಕೈ ಇಲ್ಲ. ರಾತ್ರಿ ಹಸು ಕರು ಹಾಕುವಾಗ ಕರು ಕಾಲು ಹಿಡಿದು ಎಳೀಬೇಕೋ, ಬ್ಯಾಟರಿ ಹಿಡೀಬೇಕೋ? ಬೆಳಗಿನ ಜಾವ ಡೈರಿಗೆ ಹಾಲು ಹಾಕೋ ಹೊತ್ತಿಗೆ ಕರೆಂಟ್ ಹೋದ್ರೆ ಕೊಟ್ಟಿಗೆಯಲ್ಲಿ ಕೆಚ್ಚಲು ತೊಳೆದು ಕರೆಯೋಕೂ ಅಷ್ಟೇ. ಈ ಯಾವ ಕೆಲಸಕ್ಕೂ ದೂರ ಹೊಡೆಯೋ ಬೆಳಕು ಬೇಡ. ಹರಡಿಕೊಂಡು ಬೀಳೋ ಬೆಳಕು ಬೇಕು. ನಡೆಯೋಕೆ ನೂರರಿಂದ ಇನ್ನೂರು ಲ್ಯೂಮೆನ್ ಸಾಕು, ಕೊಟ್ಟಿಗೆಗೆ ಅದರಲ್ಲಿ ಅರ್ಧಾನೂ ಬೇಡ. ಒಂದೇ ಕಡೆ ಚುಕ್ಕೆ ಥರ ಬೀಳೋ ಜೋರು ಬೆಳಕಿದ್ದರೆ ಕಣ್ಣು ಆ ಚುಕ್ಕೆಗೇ ಹೊಂದಿಕೊಳ್ಳುತ್ತೆ, ಅಕ್ಕಪಕ್ಕ ಎಲ್ಲ ಬಾವಿ ಥರ ಕಪ್ಪಾಗುತ್ತೆ. ಆರಿಸಿದ ಮೇಲೆ ಕಣ್ಣು ಪೂರ್ತಿ ಕತ್ತಲಿಗೆ ಪಳಗೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೇ ಬೆಳಕು ಕಮ್ಮಿ ಜಾಸ್ತಿ ಮಾಡೋಕೆ ಬರೋದನ್ನೇ ತಗೊಳ್ಳಿ. ಕಮ್ಮೀದು ಮೊದಲು ಹತ್ತೋ ಹಾಗಿದ್ದರೆ ಇನ್ನೂ ಒಳ್ಳೇದು.

ಈಗ ಹಾವಿನ ಮಾತು. ನಾನು ಇಷ್ಟುದ್ದ ಬರೀತಿರೋದೇ ಇದಕ್ಕೆ.

ತಲೆ ಬ್ಯಾಟರಿ ಹಾಕ್ಕೊಂಡಿದೀನಿ, ಇನ್ನೇನು ಭಯ ಅನ್ನೋದು ತಪ್ಪು ಧೈರ್ಯ. ಬೆಳಕು ನಮ್ಮ ಕಣ್ಣಿನ ಪಕ್ಕದಿಂದಲೇ ಹೊರಟರೆ ನೆಲದ ಮೇಲಿನ ವಸ್ತುವಿನ ನೆರಳು ಆ ವಸ್ತುವಿನ ಹಿಂದೆಯೇ ಬೀಳುತ್ತೆ, ನಮಗೆ ಕಾಣಲ್ಲ. ನೆರಳಿಲ್ಲದೆ ಉಬ್ಬು ತಗ್ಗು ತಿಳಿಯಲ್ಲ, ಎಲ್ಲ ಚಪ್ಪಟೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಗೋಡೆ ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲಿನ ಆನೆ ಸಾಲು, ಕುದುರೆ ಸಾಲು ಎದ್ದು ಬರುತ್ತವೆ. ಅದೇ ಗೋಡೆಗೆ ಎದುರು ನಿಂತು ಫ್ಲಾಶ್ ಹೊಡೆದು ಫೋಟೋ ತೆಗೆದರೆ ಸಪ್ಪೆ. ಕೊಳಕುಮಂಡಲ ಒಣಗರಿ ಮೇಲೆ, ಮಣ್ಣಿನ ಬಣ್ಣದಲ್ಲೇ ಸುಮ್ಮನೆ ಸುತ್ತಿಕೊಂಡು ಮಲಗಿರುತ್ತೆ. ತಲೆ ಮೇಲಿನ ಬಿಳೀ ಬೆಳಕಲ್ಲಿ ಅದನ್ನ ಗರಿಯಿಂದ ಬೇರೆ ಮಾಡಿ ನೋಡೋದು ಕಷ್ಟ.

ಹಾಗಾಗಿ ನಡೆಯುವಾಗ ಕೈಲೂ ಒಂದು ಸಣ್ಣ ಬ್ಯಾಟರಿ ಇರಲಿ, ಮೊಣಕಾಲ ಮಟ್ಟಕ್ಕೆ ಇಳಿಸಿ ಹಿಡೀರಿ. ಬೆಳಕು ಓರೆಯಾಗಿ ಬೀಳುತ್ತೆ, ಕಡ್ಡಿಗೂ ನೆರಳು ಬರುತ್ತೆ. ಕೆಲಸದ ಜಾಗಕ್ಕೆ ಹೋದ ಮೇಲೆ ಅದನ್ನ ಜೇಬಿಗೆ ಹಾಕಿ ತಲೇದು ಹತ್ತಿಸಿ. ಎರಡೂ ಕೈ ತುಂಬಿದ್ದರೆ, ತಲೆಯಿಂದ ಪಟ್ಟಿ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಿ. ನೋಡೋಕೆ ತಮಾಷೆ, ಆದರೆ ದಾರಿ ಚೆನ್ನಾಗಿ ಕಾಣುತ್ತೆ. ಬಣ್ಣದಲ್ಲೂ ಸುಣ್ಣದಂಥ ನೀಲಿ ಬಿಳುಪಿಗಿಂತ ಸ್ವಲ್ಪ ಹಳದಿ ಬೆರೆತ ಬೆಳಕು ಮೇಲು ಅಂತ ನನಗೆ ಅನ್ನಿಸಿದೆ. ಕಂದು, ಮಣ್ಣು, ಒಣಗಿದ ಎಲೆ ಬೇರೆ ಬೇರೆಯಾಗಿ ಕಾಣ್ತವೆ, ಮುಖಕ್ಕೆ ಮುತ್ತೋ ಹುಳಾನೂ ಕಮ್ಮಿ. ಕೆಲವದರಲ್ಲಿ ಕೆಂಪು ಬೆಳಕೂ ಇರುತ್ತೆ. ಜೋಳಕ್ಕೆ ಹಂದಿ ಕಾಯೋಕೆ ಅಟ್ಟಣೆ ಮೇಲೆ ಕೂತಾಗ ಅದು ಸರಿ, ಕಣ್ಣಿನ ಕತ್ತಲ ಅಭ್ಯಾಸ ಕೆಡಲ್ಲ. ಕೆಂಪಲ್ಲಿ ನಡೆಯೋಕೆ ಹೋಗಬೇಡಿ, ಮಣ್ಣೂ ಹಾವೂ ಒಂದೇ ಬಣ್ಣ ಆಗಿಬಿಡ್ತವೆ.

ಗಂಬೂಟು, ಕೋಲು ಇಲ್ಲದೆ ಎಂಥಾ ಬ್ಯಾಟರಿ ಇದ್ದರೂ ಪ್ರಯೋಜನ ಇಲ್ಲ. ಹಾವು ಹೆಚ್ಚಾಗಿ ಕಚ್ಚೋದು ಪಾದಕ್ಕೆ, ಮೀನಖಂಡಕ್ಕೆ. ಸಾವಿರದ ಬ್ಯಾಟರಿ ತಗೊಂಡು ಹವಾಯಿ ಚಪ್ಪಲೀಲಿ ಓಡಾಡೋರನ್ನ ದಿನಾ ನೋಡ್ತೀನಿ. ದೇಶದಲ್ಲಿ ಹಾವು ಕಚ್ಚಿ ಸಾಯೋರು ವರ್ಷಕ್ಕೆ ಸರಾಸರಿ 58,000 ಅಂತ 2020ರಲ್ಲಿ ಬಂದ ದೊಡ್ಡ ಅಧ್ಯಯನ ಒಂದು ಲೆಕ್ಕ ಕೊಟ್ಟಿದೆ, ಹೆಚ್ಚಿನೋರು ಹಳ್ಳಿಯೋರು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣಾನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಕಚ್ಚಿದರೆ ಹಗ್ಗ ಬಿಗಿಯೋದು, ಕುಯ್ಯೋದು, ಬಾಯಲ್ಲಿ ಎಳೆಯೋದು, ಮದ್ದು ಕೊಡೋರ ಮನೆಗೆ ಹೋಗೋದು ಯಾವುದೂ ಬೇಡ. ಉಂಗುರ, ಕಾಲ್ಗಡಗ ಬಿಚ್ಚಿ, ಕಾಲು ಅಲ್ಲಾಡಿಸದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ಇಲ್ಲಾ ಸಿಕ್ಕಿದ ಗಾಡೀಲಿ ಔಷಧಿ ಇರೋ ಆಸ್ಪತ್ರೆಗೆ ಹೊರಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಹಾವನ್ನ ಹೊಡೆದು ಚೀಲದಲ್ಲಿ ಹಾಕ್ಕೊಂಡು ಹೋಗೋ ಅಗತ್ಯ ಇಲ್ಲ.

ಸೆಲ್ಲಿನ ವಿಷಯಕ್ಕೆ ಬರ್ತೀನಿ, ಮೋಸ ಹೆಚ್ಚು ನಡೆಯೋದು ಇಲ್ಲೇ. ಚಾರ್ಜ್ ಮಾಡೋ ತಲೆ ಬ್ಯಾಟರಿಗಳಲ್ಲಿ ಹೆಚ್ಚಾಗಿ ಇರೋದು 18650 ಅನ್ನೋ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಲ್ಲೇ ಅಳತೆ ಇದೆ. ಈ ಗಾತ್ರದ ಒಳ್ಳೇ ಸೆಲ್ಲು ಅಂದ್ರೆ ಸುಮಾರು 3,500 ಎಂಎಎಚ್, ಅಷ್ಟೇ. ಸಂತೇಲಿ ಸಿಗೋ ಸೆಲ್ ಮೇಲೆ 9,900 ಅಂತ ಬರೆದಿದ್ದರೆ ಅದು ಸುಳ್ಳು. ಒಂದು ಕೊಳಗದಲ್ಲಿ ಮೂರು ಕೊಳಗ ರಾಗಿ ಹಿಡಿಸುತ್ತೆ ಅಂದ ಹಾಗೆ. ಕೈಲಿ ತೂಕ ನೋಡಿ. ಒಳ್ಳೇ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತೆ, ತೀರಾ ಹಗುರ ಇದ್ದರೆ ಬಿಟ್ಟುಬಿಡಿ. ಇನ್ನೊಂದು ಜಾತಿ ಇದೆ, ದೊಡ್ಡ ಪ್ಲಾಸ್ಟಿಕ್ ದೀಪ, ಹಿಂದೆ ಎರಡು ಪಿನ್ ಹೊರಗೆ ಎಳೆದು ನೇರ ಗೋಡೆ ಸಾಕೆಟ್ಟಿಗೆ ಸಿಕ್ಕಿಸೋದು. ಅದರೊಳಗೆ ಹೆಚ್ಚಾಗಿ ಇರೋದು ಸೀಸದ ಬ್ಯಾಟರಿ. ಪೂರ್ತಿ ಖಾಲಿ ಮಾಡಿ ಮಳೆಗಾಲ ಕಳೆಯೋವರೆಗೆ ಅಟ್ಟದ ಮೇಲೆ ಇಟ್ಟರೆ ಸತ್ತೇಹೋಗುತ್ತೆ. ಇರೋರು ತಿಂಗಳಿಗೊಂದು ಸಲ ಆದ್ರೂ ಚಾರ್ಜ್ ಹಾಕಿ. ಕೊಳ್ಳೋರು ಕೊಳ್ಳಬೇಡಿ, ಹಣೆ ಮೇಲೆ ಕಲ್ಲು ಹೊತ್ತ ಹಾಗೆ.

ನನ್ನ ಒಲವು, ಸೆಲ್ ಬಿಚ್ಚಿ ಬದಲಾಯಿಸೋಕೆ ಬರೋದರ ಕಡೆ. ಒಳಗೇ ಕೂಡಿಸಿದ್ದರೆ ಸೆಲ್ ಹಳೇದಾದ ದಿನ ಇಡೀ ದೀಪ ತಿಪ್ಪೆಗೆ. ಲಿಥಿಯಂ ಸೆಲ್ಲು ತಿಪ್ಪೆಗೆ ಹಾಕೋ ವಸ್ತುವಲ್ಲ, ಊದಿಕೊಂಡಿದ್ದು, ಜಜ್ಜಿಹೋಗಿದ್ದು ಬೆಂಕಿ ಹತ್ತಿಕೊಳ್ಳುತ್ತೆ. ಚಾರ್ಜಿಗೆ ಹಾಕಿ ಹುಲ್ಲಿನ ಮೆದೆ ಪಕ್ಕ, ಹಾಸಿಗೆ ಮೇಲೆ ಬಿಡಬೇಡಿ.

ತೂಕದ ಬಗ್ಗೆ ಗಣಿ ಕೆಲಸದೋರನ್ನ ನೋಡಿ ಕಲೀಬಹುದು. ಕೆಜಿಎಫ್‌ನಲ್ಲಿ ಮುಚ್ಚೋವರೆಗೆ, ಹಟ್ಟಿಯಲ್ಲಿ ಇವತ್ತಿಗೂ, ನೆಲದ ಕೆಳಗೆ ಇಳಿಯೋನಿಗೆ ಟೋಪಿ ಮೇಲಿನ ದೀಪ ಬೇಕೇ ಬೇಕು. ಗಣಿಯಲ್ಲಿ ಬಹಳ ಕಾಲ ನಡೆದ ಏರ್ಪಾಡು ಅಂದ್ರೆ ದೀಪ ತಲೆ ಮೇಲೆ, ಭಾರದ ಬ್ಯಾಟರಿ ಸೊಂಟದ ಬೆಲ್ಟಿಗೆ, ನಡುವೆ ಒಂದು ವೈರು. ಪಾಳಿ ಪೂರ್ತಿ ಹೊರೋನಿಗೆ ಕತ್ತು ನೋಯಬಾರದು ಅಂತ. ನಮ್ಮದರಲ್ಲೂ ಬ್ಯಾಟರಿ ತಲೆ ಹಿಂಭಾಗಕ್ಕೆ ಇರೋದು ಎರಡು ಮೂರು ಗಂಟೆ ಕೆಲಸಕ್ಕೆ ವಾಸಿ. ಮುಂದೆಯೇ ಎಲ್ಲ ಭಾರ ಇದ್ದರೆ ಬಗ್ಗಿದಾಗ ಜಾರಿ ಮೂಗಿಗೆ ಬರುತ್ತೆ. ಉಳಿದಿದ್ದು ಸಣ್ಣ ಪುಟ್ಟದ್ದು: ದೀಪ ಕೆಳಕ್ಕೆ ಬಾಗಬೇಕು, ಪಟ್ಟಿ ಬಿಚ್ಚಿ ಒಗೆಯೋಕೆ ಬರಬೇಕು, ಕೆಸರು ಕೈಗೆ ಸ್ವಿಚ್ ಸಿಗಬೇಕು. ಜೆಟ್ ಹನಿ, ಮಳೆಗೆ ಐಪಿಎಕ್ಸ್4 ಸಾಕು. ತೊಟ್ಟಿಗೆ ಬಿದ್ದರೂ ಉಳೀಬೇಕು ಅಂದ್ರೆ ಐಪಿಎಕ್ಸ್7 ನೋಡಿ, ಅದು ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ.

ಎರಡು ಕೈ ಬಿಡುವಾಯ್ತು ಅಂತ ಮಾಡಬಾರದ ಕೆಲಸಾನೂ ಸುಲಭ ಆಗಿಬಿಟ್ಟಿದೆ. ರಾತ್ರಿ ಒಂದು ಫೇಸ್ ಹೋಯ್ತು ಅಂತ ತಲೆಗೆ ಬ್ಯಾಟರಿ ಕಟ್ಟಿಕೊಂಡು ಟಿಸಿ ಹತ್ತಿ ಫ್ಯೂಸ್ ಹಾಕೋರಿದ್ದಾರೆ. ಮೊದಲು ಬೆಳಕು ಹಿಡಿಯೋಕೆ ಇನ್ನೊಬ್ಬ ಬೇಕಿತ್ತು, ಆ ಇನ್ನೊಬ್ಬ "ಬೇಡ ಕಣೋ" ಅಂತಲಾದ್ರೂ ಅಂತಿದ್ದ. ಒಂದು ರಾತ್ರಿ ನೀರು ಹಾಯದಿದ್ದರೆ ಶುಂಠಿ ಸಾಯಲ್ಲ, ಲೈನ್‌ಮನ್ ಬರಲಿ.

ಆನೆ ವಿಷಯ ಬಿಕ್ಕೋಡು, ಅರೇಹಳ್ಳಿ ಕಡೆಯ ನೆಂಟರಿಗೆ ನಾನು ಹೇಳಬೇಕಾದ್ದಿಲ್ಲ. ಆದರೂ, ಆನೆ ಬಂದಿದೆ ಅನ್ನೋ ಸುದ್ದಿ ಇದ್ದ ರಾತ್ರಿ ಯಾವ ಬ್ಯಾಟರೀನೂ ಆಸರೆ ಅಲ್ಲ. ಎದುರು ಬಿಟ್ಟ ಬೆಳಕು ನಾವು ಎಲ್ಲಿದೀವಿ ಅಂತ ಅದಕ್ಕೆ ಹೇಳಿಕೊಡುತ್ತೆ. ಮನೇಲಿರಿ. ಚಿರತೆಗೆ ಮಾತ್ರ ತಲೆ ಬ್ಯಾಟರಿ ಉಪಯೋಗ ಇದೆ: ಬೆಳಕು ಕಣ್ಣ ಮಟ್ಟದಲ್ಲೇ ಇರೋದ್ರಿಂದ ದೂರದ ಕಣ್ಣಿನ ಹೊಳಪು ತಿರುಗಿ ನಮಗೇ ಕಾಣುತ್ತೆ. ಅರಸೀಕೆರೆ ಕಡೆ ಗುಡ್ಡದ ಮಗ್ಗುಲ ತೋಟದೋರು ತೋಟಕ್ಕೆ ಕಾಲಿಡೋ ಮೊದಲು ಜೋರು ಬೆಳಕಲ್ಲಿ ಒಂದು ಸುತ್ತು ನೋಡಿ. ದೂರ ಹೊಡೆಯೋ ಬೆಳಕಿಗೆ ನಾನು ಒಪ್ಪೋ ಕೆಲಸ ಇದೊಂದೇ.

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು. ಯಜಮಾನನ ತಲೆ ಮೇಲೆ ಎರಡು ಸಾವಿರದ್ದು, ಆಳಿನ ಕೈಲಿ ಅವನದೇ ಮೊಬೈಲು. ಪೈಪ್ ಹೊರೋನು ಅವನು, ಪಾತಿ ಒಳಗೆ ಮೊದಲು ಕಾಲಿಡೋನು ಅವನು. ಬದು ಮೇಲೆ ನಿಂತು ಹೇಳೋನಿಗೆ ಮೊಬೈಲ್ ಬೆಳಕು ಸಾಕು. ದುಡ್ಡು ಒಂದಕ್ಕೇ ಇದ್ದರೆ ಆ ಒಂದು ಅವನ ತಲೆ ಮೇಲಿರಬೇಕು, ಗಂಬೂಟೂ ಅವನ ಕಾಲಳತೆಯದ್ದೇ ಇರಬೇಕು. ಕೂಲಿ ಜೊತೆಗೆ ಇದೂ ಸೇರಿದ್ದು ಅಂತ ನನ್ನ ಲೆಕ್ಕ.

ಮೊಬೈಲಿಂದ ಮೋಟ್ರು ಹಾಕೋ ಸ್ಟಾರ್ಟರ್ ಬಂದಿದೆ, ರಾತ್ರಿ ಯಾಕೆ ಹೋಗ್ತೀರಿ ಅಂತ ಪಟ್ಟಣದ ನೆಂಟರು ಕೇಳ್ತಾರೆ. ಮೋಟ್ರು ಮೊಬೈಲಲ್ಲಿ ಆನ್ ಆಗುತ್ತೆ, ಜೆಟ್ ಮೊಬೈಲಲ್ಲಿ ಪಾತಿಯಿಂದ ಪಾತಿಗೆ ನಡೆಯಲ್ಲ. ಹಗಲು ತ್ರೀಫೇಸ್ ಕೊಟ್ಟರೆ ನಾನು ಬರೆದ ಅರ್ಧ ಮಾತು ಬೇಕಾಗೇ ಇಲ್ಲ. ಕುಸುಮ್ ಯೋಜನೆಯ ಸಿ ಭಾಗದಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೇ ಸೋಲಾರ್ ಕೂಡಿಸಿ ಹಗಲು ಕರೆಂಟ್ ಕೊಡೋದು ಇದೆ. ನಮ್ಮ ಫೀಡರ್ ಅದರಲ್ಲಿ ಸೇರಿದೆಯಾ, ಇಲ್ಲದಿದ್ದರೆ ಯಾವಾಗ ಅಂತ ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳಿ, ಬರೆದು ಕೊಡಿ. ಹೊಸ ಹೊಸ ಬ್ಯಾಟರಿ ಕೊಂಡು ರಾತ್ರಿ ಪಾಳಿಗೆ ನಾವೇ ಒಗ್ಗಿಕೊಂಡುಬಿಟ್ಟರೆ ಹಗಲು ಕೊಡಿ ಅಂತ ಕೇಳೋರು ಯಾರೂ ಉಳಿಯಲ್ಲ.

ನನ್ನ ಹತ್ತಿರ ಎರಡು ಥರದ್ದು ಇದಾವೆ, ಒಂದು ಹರಡೋ ಬೆಳಕಿಂದು, ಒಂದು ದೂರ ಹೊಡೆಯೋದು. ಕೊಳ್ಳೋ ಮೊದಲು ನೋಡಬೇಕು ಅನ್ನೋರು ಈ ಶನಿವಾರ ಕತ್ತಲಾದ ಮೇಲೆ ತೋಟದ ಹತ್ರ ಬನ್ನಿ. ಬದುವಿನ ಮೇಲೆ ಹಗ್ಗದ ತುಂಡು ಹಾಕಿರ್ತೀನಿ, ಯಾವ ಬೆಳಕಲ್ಲಿ ಎಷ್ಟು ದೂರದಿಂದ ಕಾಣುತ್ತೆ ಅಂತ ನೀವೇ ಹೇಳಿ. ಗಂಬೂಟು ಹಾಕ್ಕೊಂಡು ಬನ್ನಿ.